ನಾಲ್ಕು ಗಂಟೆಯ ಸಂದರ್ಶನ

ನಮ್ಮೂರಿನಲ್ಲಿ ಸಂಜೆ ನಾಲ್ಕರಿಂದ ಐದರ ನಡುವೆ ಯಾರೂ ಹೆಣ್ಣು ನೋಡಲು ಹೋಗುವುದಿಲ್ಲ. ಆ ಒಂದು ತಾಸು ಊರ ಗಡಿಯೊಳಗೆ ಯಾರು ಬಾಯಿ ತೆರೆದರೂ ನಿಜವಲ್ಲದೆ ಬೇರೇನೂ ಹೊರಡುವುದಿಲ್ಲ. ನಾಲ್ಕಕ್ಕೆ ಐದು ನಿಮಿಷವಿರುವಾಗ ಹತ್ತಿ ಮಿಲ್ಲಿನ ಸೈರನ್ನು, ನಮ್ಮ ಮಾತಿನಲ್ಲಿ ಭೋಂಗಾ, ಕೂಗುತ್ತದೆ. ಮಿಲ್ಲು ಮುಚ್ಚಿ ಎಷ್ಟೋ ವರ್ಷವಾಯಿತು. ಜನರ ಒತ್ತಾಯಕ್ಕೆ ಭೋಂಗಾ ಮಾತ್ರ ಉಳಿದಿದೆ. ಅದು ಕೂಗಿದ ಕೂಡಲೇ ಅತ್ತೆಯರು ಮುಸುಕು ಹೊದ್ದು ಮಲಗುತ್ತಾರೆ, ಸೊಸೆಯರು ಹಿಟ್ಟಿನ ಗಿರಣಿಗೆ ಹೊರಡುತ್ತಾರೆ, ವಕೀಲರು ಕಚೇರಿಯ ಬಾಗಿಲು ಹಾಕುತ್ತಾರೆ. ದವಾಖಾನೆಯ ಮುಂದೆ ಮಾತ್ರ ಸಾಲು ಬೆಳೆಯುತ್ತದೆ. ಪಾನಿನ ಅಂಗಡಿಗೆ ದಿನದ ಮುಕ್ಕಾಲು ಗಿರಾಕಿ ಬರುವುದು ಆ ಐದು ನಿಮಿಷದಲ್ಲೇ. ಸುಮ್ಮನಿರುವುದಕ್ಕೆ ನಮ್ಮೂರಿನಲ್ಲಿ ಅಡ್ಡಿಯಿಲ್ಲ, ಮತ್ತು ಎಲೆ ಅಡಿಕೆ ತುಂಬಿದ ಬಾಯಿ ತಾನಾಗಿಯೇ ಸುಮ್ಮನಿರುತ್ತದೆ.

ನನ್ನ ಹೆಸರು ನೀಲವ್ವ. ಇಪ್ಪತ್ತೆರಡು ವರ್ಷ ಗಂಡು ಹೆಣ್ಣು ಕೂಡಿಸುವ ಕೆಲಸ ಮಾಡಿದೆ. ನನ್ನ ಕೈಯಿಂದ ಆದ ಮದುವೆಗಳು ಮುನ್ನೂರರ ಮೇಲೆ. ಬೋಳುತಲೆಯ ವರನಿಗೆ ರುಮಾಲು ಸುತ್ತಿಸಿ ಫೋಟೋ ತೆಗೆಸುವುದು, ಮೂರು ಸಲ ಹತ್ತನೆಯ ತರಗತಿಗೆ ಕೂತವನನ್ನು 'ಓದಿನ್ಯಾಗ ಭಾಳ ಅನುಭವ' ಎನ್ನುವುದು, ಮಾತುಮಾತಿಗೆ ತಾಟು ಎಸೆಯುವ ಹುಡುಗಿಯನ್ನು 'ಚುರುಕು ಕೈ' ಎಂದು ಹೊಗಳುವುದು, ಎಲ್ಲವೂ ನನಗೆ ನೀರು ಕುಡಿದಷ್ಟು ಸಲೀಸು. ಮುಂಜಾನೆ ಒಂಬತ್ತರಿಂದ ಮೂರೂವರೆಯ ತನಕ ನಾನು ಊರಿನ ಅತಿ ಒಳ್ಳೆಯ ಮಾತುಗಾತಿ. ಮೂರೂವರೆಗೆ ಮನೆ ಸೇರಿ ಕದ ಹಾಕಿಕೊಂಡರೆ ಐದರ ತನಕ ಬೆಕ್ಕಿನ ಜೊತೆಗೂ ಮಾತಿಲ್ಲ.

ಆಮೇಲೆ ಮೊಬೈಲು ಬಂತು. ಹುಡುಗ ಹುಡುಗಿಯರು ತಾವೇ ಒಬ್ಬರನ್ನೊಬ್ಬರು ನೋಡಿಕೊಳ್ಳತೊಡಗಿದರು, ಹಾಗಾಗಿ ನಾನು ಆ ಕೆಲಸ ಬಿಟ್ಟೆ. ಕೇಳಿದವರಿಗೆಲ್ಲ ಹೀಗೆಯೇ ಹೇಳುತ್ತಿದ್ದೆ. ಕೇಳಿದವರೂ ಮುಂಜಾನೆಯ ಹೊತ್ತೇ ಕೇಳುತ್ತಿದ್ದರು, ಒಳ್ಳೆಯದಾಯಿತು.

ಕೆಲಸವಿಲ್ಲದೆ ಮೂರು ತಿಂಗಳು ಕಳೆದಾಗ ಅಂಚೆ ಕಚೇರಿಯ ಗೋಡೆಯ ಮೇಲೆ ಒಂದು ಚೀಟಿ ಕಂಡೆ. 'ಆರು ತಿಂಗಳು ಸಾಫ್ಟ್‌ವೇರ್ ಪರೀಕ್ಷಕರ ತರಬೇತಿ. ಕಂಪನಿಯವರೇ ಬಂದು ಕೆಲಸ ಕೊಡುತ್ತಾರೆ. ವಯಸ್ಸಿನ ಮಿತಿಯಿಲ್ಲ.' ಕೊನೆಯ ಸಾಲನ್ನು ಎರಡು ಸಲ ಓದಿದೆ. ನನಗೆ ನಲವತ್ತಾರು. ಬುದ್ಧಿವಂತೆಯಾದ್ದರಿಂದ ಸರಿಯಾಗಿ ನಾಲ್ಕೂ ಕಾಲಿಗೆ ಆ ತರಬೇತಿ ಕೇಂದ್ರಕ್ಕೆ ಹೋದೆ. ಅದನ್ನು ನಡೆಸುವ ಹಾಲಪ್ಪ ಸರ್ ಮೇಜಿನ ಹಿಂದೆ ಎರಡೂ ಕೆನ್ನೆಯಲ್ಲಿ ಪಾನು ತುಂಬಿಕೊಂಡು ಕೂತಿದ್ದರು. ನಾನು ಎದುರಿಗೆ ಕೂತೆ. ಹತ್ತು ನಿಮಿಷ ನೋಡಿದೆ. ಅವರ ಕಣ್ಣಲ್ಲಿ ನೀರು ಬಂತು. ಕೊನೆಗೆ ಎದ್ದು ಹೋಗಿ ಉಗುಳಿ ಬಂದರು.

"ಕೆಲಸ ಸಿಗತೈತೇನ್ರಿ?" ಎಂದೆ.

"ಹತ್ತು ಮಂದ್ಯಾಗ ಮೂರು ಮಂದಿಗೆ ಸಿಗತೈತಿ. ನಿಮಗ ಸಿಗೂದು ನನಗ ಸಂಶಯ," ಎಂದು ಹೇಳಿ ಸರ್ ಗಲ್ಲಕ್ಕೆ ಕೈ ಹಚ್ಚಿಕೊಂಡರು.

ಜಾತಕ ಕೂಡಿಸುವವಳಿಗೆ ಹತ್ತರಲ್ಲಿ ಮೂರು ಕಡಿಮೆಯೇನಲ್ಲ. ಆ ದಿನವೇ ಹೆಸರು ಬರೆಸಿದೆ.

ನಮಗೆ ಕಲಿಸಲು ಬಂದವಳು ಅಫ್ರೀನ್, ಇಪ್ಪತ್ತಾರರ ಹುಡುಗಿ. ಹಿಂದೆ ಮೂರು ಸಲ ಇವಳಿಗೆ ವರ ತೋರಿಸಿದ್ದೆ, ಮೂರು ಸಲವೂ ಬೇಡವೆಂದಿದ್ದಳು. ಮೊದಲ ದಿನ ನನ್ನನ್ನು ನೋಡಿದವಳೇ ಕೈಯಲ್ಲಿದ್ದ ಡಸ್ಟರು ಕೆಳಗಿಟ್ಟು, "ನೀಲಕ್ಕ, ನೀವು ಕಲಿಯಾಕ ಬಂದೀರೋ, ನಾಲ್ಕನೇ ವರನ್ನ ಕರಕೊಂಡು ಬಂದೀರೋ?" ಎಂದಳು. ಕ್ಲಾಸೆಲ್ಲ ನಕ್ಕಿತು. ಎಂಟು ಜನರಿದ್ದೆವು. ನನ್ನ ಪಕ್ಕದ ಕುರ್ಚಿ ಇಮಾಮ್‌ಸಾಬನದು. ಮದುವೆ ಬ್ಯಾಂಡಿನಲ್ಲಿ ಕ್ಲಾರಿಯೊನೆಟ್ ಊದುತ್ತಿದ್ದವನು, ನಾನು ಕೂಡಿಸಿದ ಮದುವೆಗಳಿಗೆಲ್ಲ ಅವನೇ ಊದಿದ್ದು. ಈಗ ಡಬ್ಬಿಯಂಥ ಸ್ಪೀಕರಿನ ಹಾಡು ಬಂದು ಅವನೂ ಇಲ್ಲಿಗೆ ಬಂದಿದ್ದ.

ಅಫ್ರೀನ್ ಮೊದಲು ಹೇಳಿಕೊಟ್ಟದ್ದು ಇಷ್ಟು: ಯಾರೋ ಒಬ್ಬರು ಕಂಪ್ಯೂಟರಿನಲ್ಲಿ ಓಡುವ ಏನನ್ನೋ ಕಟ್ಟುತ್ತಾರೆ. ಅದು ಜನರ ಕೈಗೆ ಹೋಗುವ ಮೊದಲು ಇನ್ನೊಬ್ಬರು ಅದನ್ನು ಒತ್ತಿ, ಎಳೆದು, ತಪ್ಪುತಪ್ಪಾಗಿ ತುಂಬಿಸಿ, ಎಲ್ಲಿ ಮುರಿಯುತ್ತದೆಂದು ನೋಡಿ ಬರೆದುಕೊಡಬೇಕು. "ದೋಷ ಹುಡುಕೂದು, ಅಷ್ಟ," ಎಂದಳು. ನನಗೆ ನಗು ತಡೆಯಲಾಗಲಿಲ್ಲ. ಇಪ್ಪತ್ತೆರಡು ವರ್ಷ ದೋಷ ಮುಚ್ಚಿದವಳಿಗೆ ಅದು ಎಲ್ಲೆಲ್ಲಿ ಅಡಗಿ ಕೂರುತ್ತದೆಂದು ಬೇರೆ ಹೇಳಿಕೊಡಬೇಕೆ?

ಇಂಗ್ಲಿಷು ನನಗೆ ತೊಡಕಾಯಿತು. ಮೌಸು ಕೈಯಲ್ಲಿ ನಿಲ್ಲುತ್ತಿರಲಿಲ್ಲ, ಹೊಸದಾಗಿ ಈದ ಎಮ್ಮೆಯ ಹಾಗೆ ಜಗ್ಗುತ್ತಿತ್ತು. ಆದರೆ ಅಫ್ರೀನ್ ಒಂದು ಪುಟ ತೆರೆದು, "ಇದರಾಗ ಏನೇನು ತಪ್ಪಾಗಬಹುದು ಹೇಳ್ರಿ," ಎಂದರೆ ಉಳಿದವರು ಎರಡು ಹೇಳುವಷ್ಟರಲ್ಲಿ ನಾನು ಹತ್ತು ಹೇಳುತ್ತಿದ್ದೆ. ಹೆಸರು ಬರೆಯದೆ ಬಿಟ್ಟರೆ? ವಯಸ್ಸು ಕಡಿಮೆ ಹೇಳಿದರೆ? ಒಪ್ಪಿಗೆ ಕೊಟ್ಟು ಹಿಂದೆ ಸರಿದರೆ? ಒಂದೇ ಹೆಸರಿನ ಇಬ್ಬರು ಬಂದರೆ? ಎರಡು ಕಡೆ ಒಮ್ಮೆಲೇ ಹ್ಞೂಂ ಅಂದರೆ? ನಾಲ್ಕನೆಯ ತಿಂಗಳಲ್ಲಿ ಅಫ್ರೀನ್ ನಾನು ದೋಷ ಬರೆದಿಟ್ಟ ವಹಿ ನೋಡಿ, "ನೀಲಕ್ಕ, ನೀವು ಹುಟ್ಟಾ ಟೆಸ್ಟರ್ ಅದೀರಿ," ಎಂದಳು. ಆಗ ಗೋಡೆಯ ಗಡಿಯಾರ ನಾಲ್ಕೂ ಇಪ್ಪತ್ತು ತೋರಿಸುತ್ತಿತ್ತು. ನಾನು ಮನೆಯ ತನಕ ನಡೆದೇ ಹೋದೆನೋ, ಕುಣಿಯುತ್ತ ಹೋದೆನೋ, ಈಗಲೂ ನೆನಪಿಲ್ಲ. ಉಪ್ಪು ತರಲು ಹೋಗಿ ಅಂಗಡಿಯಲ್ಲಿ ಮಲ್ಲಿಗೆ ಹೂವಿನ ಮಾಲೆ ಕೊಂಡು ಬಂದಿದ್ದೆ.

ಸಂದರ್ಶನಕ್ಕೆ ಎರಡು ವಾರವಿರುವಾಗ ಹಾಲಪ್ಪ ಸರ್ ಒಬ್ಬೊಬ್ಬರಿಗೆ ಒಂದೊಂದು ಬಯೋಡೇಟಾ ಹಾಳೆ ಕೊಟ್ಟರು. ನನ್ನ ಹಾಳೆಯಲ್ಲಿ ಮದುವೆಯ ಮಾತೇ ಇರಲಿಲ್ಲ. ಎಲ್ಲೋ ದೂರದ ನಗರದಲ್ಲಿ, ನಾನು ಕೇಳದ ಕಂಪನಿಯಲ್ಲಿ ಮೂರು ವರ್ಷ ಟೆಸ್ಟರ್ ಆಗಿದ್ದೆನೆಂದು ಬರೆದಿತ್ತು. ಎಂಟೂ ಜನರಿಗೆ ಹಾಗೆಯೇ.

"ಅನುಭವ ಇಲ್ಲಂದ್ರ ಒಳಗ ಬಿಡೂದಿಲ್ಲ. ಬಾಯಿಪಾಠ ಮಾಡ್ರಿ. ಅಫ್ರೀನ್‌ಗ ಹೇಳಬ್ಯಾಡ್ರಿ. ಸಂದರ್ಶನ ಮುಂಜಾನೆ ಹನ್ನೊಂದಕ್ಕ ಇಟ್ಟೀನಿ, ಚಿಂತಿ ಇಲ್ಲ," ಎಂದರು ಸರ್.

ನಾನು ತಲೆಯಾಡಿಸಿದೆ. ಇದರಲ್ಲಿ ನನಗೆ ಹೊಸದೇನಿತ್ತು? ಮುನ್ನೂರು ವರರಿಗೆ ಸುತ್ತಿದ ರುಮಾಲನ್ನು ಈ ಸಲ ನನಗೇ ಸುತ್ತಿಕೊಳ್ಳಬೇಕಿತ್ತು. ಇಮಾಮ್‌ಸಾಬನೂ ನಾನೂ ಅವನ ಮನೆಯ ಕಟ್ಟೆಯ ಮೇಲೆ ಕೂತು ಇಲ್ಲದ ಕಂಪನಿಯ ಇಲ್ಲದ ಸಾಹೇಬರ ಹೆಸರನ್ನು ಮಗ್ಗಿಯಂತೆ ಒಪ್ಪಿಸಿದೆವು. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು ಕೂಡ.

ಸಂದರ್ಶನದ ದಿನ ಹನ್ನೊಂದಾಯಿತು, ಒಂದಾಯಿತು, ಕಂಪನಿಯವರ ಸುಳಿವಿಲ್ಲ. ದಾರಿಯಲ್ಲಿ ಕಾರು ಕೆಟ್ಟು ನಿಂತಿತ್ತಂತೆ. ಮೂರೂ ಕಾಲಿಗೆ ಧೂಳು ಹೊದ್ದುಕೊಂಡು ಇಬ್ಬರು ಇಳಿದರು. ಒಬ್ಬ ಶ್ರೀವತ್ಸ, ಗಡ್ಡ ಬಿಟ್ಟ ಮೂವತ್ತೈದರ ಯುವಕ, ಟೆಸ್ಟಿಂಗ್ ವಿಭಾಗದ ಮುಖ್ಯಸ್ಥ. ಇನ್ನೊಬ್ಬರು ವಿನುತಾ ಮೇಡಂ, ಜನರನ್ನು ಆಯುವವರು. ಹಾಲಪ್ಪ ಸರ್ ಅವರ ಮುಂದೆ ಮಿರ್ಚಿ ಭಜಿ, ಮಂಡಕ್ಕಿ, ಎರಡೆರಡು ಕಪ್ ಚಹಾ ಇಟ್ಟು, "ಉಂಡು, ಒಂದೀಟು ಅಡ್ಡಾಗಿ, ಐದರ ಮ್ಯಾಲೆ ಶುರು ಮಾಡೂಣ್ರಿ," ಎಂದು ಕೈಮುಗಿದರು.

"ಇಲ್ಲ ಸಾರ್, ಆರಕ್ಕೆ ಟ್ರೈನ್ ಇದೆ. ಈಗಲೇ ಶುರು ಮಾಡೋಣ, ಒಬ್ಬೊಬ್ಬರಿಗೆ ಹತ್ತು ನಿಮಿಷ," ಎಂದರು ಮೇಡಂ.

ಮೊದಲು ಇಮಾಮ್‌ಸಾಬ್ ಹೋದ. ಹತ್ತೇ ನಿಮಿಷದಲ್ಲಿ ಹಲ್ಲು ಬಿಡುತ್ತ ಹೊರಬಂದು, "ಖುಷ್ ಆಗ್ಯಾರ! ಮೂರು ವರ್ಷದ ಕತಿ ಮೂರು ನಿಮಿಷದಾಗ ಹೇಳಿದೆ," ಎಂದ. ಆಮೇಲೆ ಇಬ್ಬರು ಹೋಗಿ ಬಂದರು. ನನ್ನ ಹೆಸರು ಕರೆಯುವುದಕ್ಕೂ ಭೋಂಗಾ ಕೂಗುವುದಕ್ಕೂ ಸರಿಹೋಯಿತು. ಹೊರಗೆ ಕುರ್ಚಿಗಳು ಬಿದ್ದ ಸದ್ದು ಕೇಳಿಸಿತು. ನಾಲ್ವರು ಪಾನಿನ ಅಂಗಡಿಗೆ ಓಡಿದ್ದರು. ಹಾಲಪ್ಪ ಸರ್ ನನ್ನ ಸೆರಗು ಹಿಡಿಯುವುದೊಂದು ಬಾಕಿ. "ನೀಲವ್ವಾರ, ಕೆಮ್ಮು ಬಂದೈತಂತ ಹೇಳ್ರಿ, ಧ್ವನಿ ಬಿದ್ದೈತಂತ ಹೇಳ್ರಿ!"

"ಧ್ವನಿ ಬಿದ್ದೈತಂತ ಹೆಂಗ ಹೇಳ್ಲಿ ಸರ್?" ಎಂದು ನಾನು ಒಳಗೆ ಹೋದೆ.

ಕೂತೆ. ನೀರು ಕೊಟ್ಟರು, ಕುಡಿದೆ. ಮೇಡಂ ಹಾಳೆ ತಿರುವಿದರು. ಗಡಿಯಾರದ ಮುಳ್ಳು ನಾಲ್ಕನ್ನು ದಾಟಿತು.

"ನಿಮ್ಮ ಬಗ್ಗೆ ಹೇಳಿ," ಎಂದ ಶ್ರೀವತ್ಸ.

ಎದ್ದು ಹೋಗಬಹುದಿತ್ತು. ಸುಮ್ಮನೆ ಕೂರಬಹುದಿತ್ತು. ಆದರೆ ಆರು ತಿಂಗಳು ಕಲಿತದ್ದೆಲ್ಲ ಗಂಟಲ ತನಕ ಬಂದು ನಿಂತಿತ್ತು, ಬಾಯಿ ತೆರೆದುಬಿಟ್ಟೆ. "ನನಗ ನಲವತ್ತಾರು. ಮದುವಿ ದಲ್ಲಾಳಿ ಇದ್ದೆ. ಈ ಹಾಳ್ಯಾಗಿನ ಮೂರು ವರ್ಷ ಸುಳ್ಳು. ಆ ಕಂಪನಿ ಯಾವ ದಿಕ್ಕಿಗೈತೋ ನಾ ಕಾಣೆ. ಎಲ್ಲಾ ಎಂಟು ಹಾಳೀನೂ ಸುಳ್ಳ."

ಹೇಳಿಯಾದ ಮೇಲೆ ಎಂಟು ಎಂಬ ಮಾತು ಕೊರಳಿಗೆ ಕಲ್ಲಿನಂತೆ ಜೋತುಬಿತ್ತು. ನನ್ನದು ಮುಳುಗಲಿ, ಇಮಾಮ್‌ಸಾಬನದನ್ನೂ ಮುಳುಗಿಸಿಬಿಟ್ಟೆನಲ್ಲ.

ಶ್ರೀವತ್ಸ ಗಂಭೀರವಾಗಿ ಮುಂದೆ ಬಾಗಿದ. ಬಹುಶಃ ನನ್ನನ್ನು ಗದರಬೇಕೆಂದಿದ್ದ. ಅವನ ಬಾಯಿಂದ ಬಂದದ್ದೇ ಬೇರೆ. "ನಾನು ನಿಮ್ಮ ಹಾಳೆ ಓದೇ ಇಲ್ಲ. ಯಾರದ್ದೂ ಓದಿಲ್ಲ. ಕಾರಲ್ಲಿ ನಿದ್ದೆ ಮಾಡ್ಬಿಟ್ಟೆ." ತನ್ನ ಮಾತಿಗೆ ತಾನೇ ಬೆಚ್ಚಿ ಮೇಡಂ ಕಡೆ ನೋಡಿದ.

"ಅನುಭವ ಸುಳ್ಳು ಅಂತ ನನಗೆ ಗೊತ್ತಿತ್ತು. ಎಲ್ಲಾ ಊರಲ್ಲೂ ಹೀಗೇನೇ. ನನಗೆ ಈ ತಿಂಗಳು ಆರು ಜನ ತುಂಬಬೇಕು ಅಷ್ಟೆ," ಎಂದರು ಮೇಡಂ. ಆಮೇಲೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ಬೆರಳ ಸಂದಿಯಿಂದ, "ಅಯ್ಯೋ, ಇದೇನಿದು, ಏನಾಗ್ತಿದೆ ನನಗೆ? ಆ ಭಜಿಯಲ್ಲಿ ಏನು ಹಾಕಿದ್ರಿ?" ಎಂದರು.

ನಾನು ಊರಿನ ವಿಷಯ ಹೇಳಿದೆ. ಇಬ್ಬರೂ ನಂಬಲಿಲ್ಲ. ಶ್ರೀವತ್ಸ ಪರೀಕ್ಷಿಸಿ ನೋಡಲು ಹೊರಟ. 'ನನ್ನ ಗಡ್ಡ ಬಿಳಿ' ಎಂದು ಹೇಳಲು ಮೂರು ಸಲ ಬಾಯಿ ತೆರೆದ, ಮೂರು ಸಲವೂ "ಕಪ್ಪು, ಬಣ್ಣ ಹಚ್ಚಿದ್ದು" ಎಂದೇ ಬಂತು. ಮೊದಲು ನಕ್ಕವರು ಮೇಡಂ. ಆಮೇಲೆ ಅವನು. ಆಮೇಲೆ ನನಗೂ ತಡೆಯಲಾಗದೆ ಮೇಜಿಗೆ ತಲೆಯಾನಿಸಿ ನಕ್ಕೆ. ನಾನು ಸಂದರ್ಶನಕ್ಕೆ ಬಂದವಳೆಂಬುದೇ ಮೂವರಿಗೂ ಮರೆತುಹೋಯಿತು.

ನಗು ನಿಂತ ಮೇಲೆ ಶ್ರೀವತ್ಸ ಕಣ್ಣೊರೆಸಿಕೊಂಡು, ಈಗ ನಿಜವಾಗಿಯೂ ತಿಳಿಯಬೇಕೆಂಬ ಹಾಗೆ ಕೇಳಿದ. "ಹಳೇ ಕೆಲಸ ಯಾಕೆ ಬಿಟ್ರಿ?"

ಮೊಬೈಲು ಬಂತು ಎನ್ನಲು ಬಾಯಿ ತೆರೆದೆ. ಬಂದದ್ದು ಕಸ್ತೂರಿಯ ಹೆಸರು.

"ಕಸ್ತೂರಿ ಅಂತ ಒಂದು ಹುಡುಗಿ. ನಾನ ಮದುವಿ ಮಾಡ್ಸಿದೆ. ಹುಡುಗ ಕುಡೀತಿದ್ದ, ಕುಡುದ್ರ ಬಡೀತಿದ್ದ. ನನಗ ಗೊತ್ತಿತ್ತು. ಮುಂಜಾನಿ ಹನ್ನೊಂದಕ್ಕ ಹೋಗಿ, ಬಂಗಾರದಂಥಾ ಹುಡುಗ ಅಂತ ಹೇಳಿ ಬಂದೆ. ಮೂರು ತಿಂಗಳಿಗೆ ತವರಿಗೆ ತಿರುಗಿ ಬಂದ್ಲು. ಒಂದಿನ ನಾಲ್ಕು ಗಂಟೇಕ್ಕ ನಮ್ಮ ಕದಾ ಬಡಿದು, ಅಕ್ಕಾ ನಿನಗ ಗೊತ್ತಿತ್ತೇನು, ಅಂತ ಅಷ್ಟ ಕೇಳಿದ್ಲು. ಹೌದು ಅಂದೆ. ಬೈಲಿಲ್ಲ. ಹಂಗ ಹೊಳ್ಳಿ ಹೋದ್ಲು. ಅವತ್ತಿನಿಂದ ಒಂದು ಜಾತಕ ಮುಟ್ಟಿಲ್ಲ."

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ನನಗೆ ನಾನೇ ಹೇಳಿಕೊಂಡಿರಲಿಲ್ಲ. ಎದೆಯ ಮೇಲಿಂದ ಬೀಸುವ ಕಲ್ಲು ಇಳಿಸಿದ ಹಾಗೆ ಉಸಿರು ಸಲೀಸಾಗಿ ಬಂತು. ಮೇಡಂ ತಮ್ಮ ಕೈವಸ್ತ್ರ ನನ್ನತ್ತ ಸರಿಸಿದರು.

ಶ್ರೀವತ್ಸ ತನ್ನ ಲ್ಯಾಪ್‌ಟಾಪು ನನ್ನ ಕಡೆ ತಿರುಗಿಸಿದ. "ಇದು ಆಸ್ಪತ್ರೆಗಳಿಗೆ ನಾವು ಕಟ್ತಾ ಇರೋದು. ರೋಗಿಗಳು ಹೆಸರು ಬರೆಸಿ ಸಮಯ ತಗೊಳ್ಳೋಕೆ. ಹತ್ತು ನಿಮಿಷ ತಗೊಳ್ಳಿ, ಏನು ತಪ್ಪಿದೆ ನೋಡಿ."

ನಾನು ಸೆರಗು ಸಿಕ್ಕಿಸಿಕೊಂಡೆ. ಹುಟ್ಟಿದ ತಾರೀಖಿನ ಜಾಗದಲ್ಲಿ ಮುಂದಿನ ವರ್ಷದ ತಾರೀಖು ಹಾಕಿದೆ, ತಕರಾರಿಲ್ಲದೆ ತೆಗೆದುಕೊಂಡಿತು. ಇನ್ನೂ ಹುಟ್ಟದ ಕೂಸಿಗೆ ಮೂಳೆ ಡಾಕ್ಟರ ಹತ್ತಿರ ನಾಳೆ ಹತ್ತಕ್ಕೆ ಸಮಯ ಸಿಕ್ಕಿತು. ಒಪ್ಪಿಗೆಯ ಗುಂಡಿಯನ್ನು ಎರಡು ಸಲ ಒತ್ತಿದೆ, ಒಬ್ಬನೇ ರೋಗಿ ಇಬ್ಬರಾದ. ಹಿಂದಕ್ಕೆ ಹೋಗಿ ಬಂದೆ, ನಾಲ್ವರಾದರು.

"ಇದನ್ನ ಯಾರು ನೋಡಿ ಪಾಸ್ ಮಾಡ್ಯಾರಪಾ?" ಎಂದೆ.

"ನಾನೇ," ಎಂದ ಶ್ರೀವತ್ಸ. "ಸರಿಯಾಗಿ ನೋಡಿರಲಿಲ್ಲ." ಈ ಸಲ ಅವನು ಬಾಯಿ ಮುಚ್ಚಿಕೊಳ್ಳಲಿಲ್ಲ.

ಮೇಡಂ ಎದ್ದು ಬಾಗಿಲು ತೆರೆದರು. ಹೊರಗೆ ಏಳು ಜೊತೆ ಕೆನ್ನೆಗಳು ಬಲೂನಿನಂತೆ ಉಬ್ಬಿ ಕೂತಿದ್ದವು. ಪಕ್ಕದಲ್ಲಿ ಎಂಟನೆಯದು ಹಾಲಪ್ಪ ಸರ್ ಅವರದು. ಆಗಷ್ಟೇ ಬಂದಿದ್ದ ಅಫ್ರೀನ್ ಮಾತ್ರ ಬರಿಬಾಯಲ್ಲಿ ನಿಂತು, "ಇವರಿಗೆಲ್ಲಾ ಏನಾಗೈತಿ?" ಎನ್ನುತ್ತಿದ್ದಳು. ಒಳಗೆ ನಡೆದದ್ದನ್ನೆಲ್ಲ ಮೇಡಂ ಹೇಳಿದರು, ಇಲ್ಲದ ಮೂರು ವರ್ಷದ ಅನುಭವದ ಸುದ್ದಿ ಕೇಳಿ ಅವಳ ಸಿಟ್ಟು ನೆತ್ತಿಗೇರಿತು. ಕಸದ ಬುಟ್ಟಿ ತಂದು ಹಾಲಪ್ಪ ಸರ್ ಮುಂದೆ ಹಿಡಿದು, "ಉಗುಳ್ರಿ ಸರ್," ಎಂದಳು. ಅವರು ಉಗುಳಿದರು.

"ಅಂಜಿಕಿ ಅವ್ವಾ," ಎಂದರು ಸರ್. ಅಷ್ಟು ದೊಡ್ಡ ಮನುಷ್ಯನ ಧ್ವನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿರಲಿಲ್ಲ. "ಈ ಬ್ಯಾಚಿಗೆ ಕೆಲಸ ಸಿಗ್ಲಿಲ್ಲಂದ್ರ ಮುಂದ ಯಾರೂ ಬರೂದಿಲ್ಲ. ನೀ ಚೊಲೋ ಕಲಿಸ್ತೀ ಅಂತ ಗೊತ್ತಿತ್ತು. ಅದರ ಮ್ಯಾಲೆ ನಂಬಿಕಿ ಇಡಾಕ ಧೈರ್ಯ ಆಗ್ಲಿಲ್ಲ."

ಅಫ್ರೀನ್ ಬುಟ್ಟಿ ಕೆಳಗಿಟ್ಟಳು. ಕಂಪನಿಯವರ ಕಡೆ ತಿರುಗಿದಳು. "ಆ ಹಾಳಿ ಹರೀರಿ. ಎಂಟು ಮಂದಿಗೂ ಅದ ಆಸ್ಪತ್ರಿ ಪುಟ ಕೊಡ್ರಿ. ಕೆಲಸ ಬರೂವವರು ಬರಲಿ, ಬರದವರು ಬಿಡಲಿ."

ಹಾಗೆಯೇ ಆಯಿತು. ಕೇಂದ್ರದ ಕಂಪ್ಯೂಟರುಗಳ ಮುಂದೆ ಎಲ್ಲರೂ ಕೂತೆವು. ಆಸ್ಪತ್ರೆಯ ಆ ಪುಟ ಇಪ್ಪತ್ತು ನಿಮಿಷದಲ್ಲಿ ಹರಕು ಚಾದರವಾಯಿತು. ಒಬ್ಬಳು ರೋಗಿಯ ಹೆಸರಿನ ಜಾಗದಲ್ಲಿ ಒಂದು ಪೂರ್ತಿ ಜೋಗುಳ ತುಂಬಿಸಿದಳು, ಅದೂ ಹಿಡಿಸಿತು. ಪ್ರತಿ ಸಲ ಯಾರಾದರೂ 'ಸಿಕ್ತು!' ಎಂದು ಕೂಗಿದಾಗ ಶ್ರೀವತ್ಸ ತಲೆ ಹಿಡಿದುಕೊಂಡು ನಗುತ್ತಿದ್ದ. ಇಮಾಮ್‌ಸಾಬ್ ಮಾತ್ರ ಕೈಕಟ್ಟಿ ಕೂತಿದ್ದ. ಮೇಡಂ ಅವನ ಹತ್ತಿರ ಹೋಗಿ, "ನಿಮಗೆ ಈ ಕೆಲಸ ಬೇಕಾ?" ಎಂದು ಮೆಲ್ಲಗೆ ಕೇಳಿದರು.

ಅವನು ಎಲೆ ಉಗುಳಿ ಬಂದು, "ಬ್ಯಾಡ್ರಿ. ಆರು ತಿಂಗಳು ನಾ ಇಲ್ಲಿಗೆ ಬಂದಿದ್ದು ಮನ್ಯಾಗ ಒಬ್ಬನ ಕೂಡಾಕ ಬ್ಯಾಸರಾಗಿ," ಎಂದ. ಹೇಳಿದವನೇ ಬಿಡುಗಡೆಯಾದವನಂತೆ ತೊಡೆ ತಟ್ಟಿ ನಕ್ಕ. "ನೀಲವ್ವಾ, ಛಲೋ ಮುಳುಗಿಸಿದಿ ನೋಡು ನನ್ನ! ಇಲ್ಲಂದ್ರ ಸಾಯೂತನಕ ಈ ಡಬ್ಬಿ ಮುಂದ ಕೂಡಬೇಕಾಗಿತ್ತು." ಸರ್ಕಾರಿ ಶಾಲೆಯ ಮಕ್ಕಳಿಗೆ ಬ್ಯಾಂಡು ಕಲಿಸುವವರು ಬೇಕೆಂದು ಹೆಡ್‌ಮಾಸ್ತರರು ಒಂದು ವರ್ಷದಿಂದ ಅವನ ಬೆನ್ನು ಬಿದ್ದಿದ್ದರಂತೆ. ಮರುವಾರವೇ ಹೋಗಿ ಸೇರಿಕೊಂಡ.

ಐದು ಹೊಡೆಯುವಷ್ಟರಲ್ಲಿ ನಾಲ್ವರ ಹೆಸರು ಬರೆದುಕೊಂಡಿದ್ದರು. ಅನುಭವವಿಲ್ಲದವರಾಗಿ, ಕಲಿಯುವವರಾಗಿ, ಕಡಿಮೆ ಸಂಬಳಕ್ಕೆ. ಮೊದಲನೆಯ ಹೆಸರು ನನ್ನದು. ವಯಸ್ಸು ನಲವತ್ತಾರು ಎಂದೇ ಬರೆದರು. ಅಷ್ಟು ನೆಟ್ಟಗೆ ನನ್ನ ಬಗ್ಗೆ ಯಾರೂ ಎಂದೂ ಬರೆದಿರಲಿಲ್ಲ. ಉಳಿದ ಮೂವರಿಗೆ ಅಫ್ರೀನ್ ಇನ್ನೂ ಎರಡು ತಿಂಗಳು ಕಲಿಸುವುದೆಂದೂ, ಹಾಲಪ್ಪ ಸರ್ ಇನ್ನು ಮುಂದೆ ಹಾಳೆ ಬರೆಯಬಾರದೆಂದೂ ತೀರ್ಮಾನವಾಯಿತು. ಟ್ರೈನಿಗೆ ಹೊರಡುವಾಗ ಮೇಡಂ ನನ್ನ ಕಿವಿಯಲ್ಲಿ, "ವರ್ಷಕ್ಕೊಮ್ಮೆ ನಮ್ಮ ಆಫೀಸಿನ ಮೀಟಿಂಗು ಇಲ್ಲಿ ಇಟ್ರೆ ಹೇಗೆ?" ಎಂದು, ತಾವೇ ಗಾಬರಿಯಾಗಿ, "ಬೇಡ ಬೇಡ," ಎನ್ನುತ್ತ ಕಾರು ಹತ್ತಿದರು.

ಈಗ ಎರಡು ತಿಂಗಳಾಯಿತು. ಅಂಚೆ ಕಚೇರಿಯ ಮಾಳಿಗೆಯ ಮೇಲೆ ಕಂಪನಿಯವರು ನಮಗೊಂದು ಕೋಣೆ ಮಾಡಿಕೊಟ್ಟಿದ್ದಾರೆ. ನಾಲ್ಕು ಮೇಜು, ಕೆಳಗೆ ಗಾಲಿಯಿರುವ ನಾಲ್ಕು ಕುರ್ಚಿ. ಕಳೆದ ಸೋಮವಾರ ಆ ಆಸ್ಪತ್ರೆಯ ಪುಟದಲ್ಲೇ ನನಗೆ ಇನ್ನೊಂದು ದೋಷ ಕಂಡಿತು. ಮದುವೆಯಾಗಿದೆಯೇ ಎಂಬ ಪ್ರಶ್ನೆಗೆ ಎರಡೇ ಉತ್ತರವಿದ್ದವು: ಆಗಿದೆ, ಇಲ್ಲ. ಬರೆದು ಕಳಿಸಿದೆ. ಆ ಪುಟ ಕಟ್ಟಿದ ಯುವಕ ದೂರದ ಊರಿನಿಂದ ಫೋನು ಮಾಡಿ, "ಅಮ್ಮಾ, ಇದರಲ್ಲಿ ಮೂರನೆಯದು ಇನ್ನೇನಿರುತ್ತೆ?" ಎಂದ.

"ಕುಂದರಪಾ, ಹೇಳ್ತೀನಿ," ಎಂದು ಅರ್ಧ ತಾಸು ಹೇಳಿದೆ. ಗಂಡ ತೀರಿಕೊಂಡವರು, ಹೆಂಡತಿ ತೀರಿಕೊಂಡವರು, ಬಿಟ್ಟವರು, ಬಿಡಿಸಿಕೊಂಡವರು, ಬಿಡದೆಯೂ ಬೇರೆ ಇರುವವರು, ಬೇಡವೇ ಬೇಡವೆಂದವರು. ಅವನು ಬರೆದುಕೊಳ್ಳುವ ಸದ್ದು ಕೇಳುತ್ತಿತ್ತು.

ಗುರುವಾರ ನನ್ನ ದೋಷದ ಮುಂದೆ ಹಸಿರು ಅಕ್ಷರದಲ್ಲಿ 'ಸರಿಪಡಿಸಲಾಗಿದೆ' ಎಂದು ಬಂತು. ಪುಟ ತೆರೆದೆ. ಎರಡಿದ್ದದ್ದು ಒಂಬತ್ತಾಗಿತ್ತು. ಒಂದೊಂದನ್ನೇ ಒತ್ತಿ ನೋಡಿದೆ, ಒಂದೊಂದೂ ನಿಂತಿತು. ಕೊನೆಯದನ್ನು ನಾನು ಹೇಳಿರಲಿಲ್ಲ, ಆ ಯುವಕನೇ ಸೇರಿಸಿದ್ದ: 'ಹೇಳಲು ಇಷ್ಟವಿಲ್ಲ.' ಎಲೆ ಅಡಿಕೆ ಇಲ್ಲದೆಯೇ ಬಾಯಿ ಮುಚ್ಚಿಕೊಂಡಿರುವ ಉಪಾಯ. ನಾನು ಅದನ್ನು ಒತ್ತಿದೆ, ತೆಗೆದೆ, ಮತ್ತೆ ಒತ್ತಿದೆ. ನಗು ಎಲ್ಲಿಂದ ಬಂತೋ, ಕಾಲು ನೆಲಕ್ಕೆ ಒದ್ದಿತು, ಕುರ್ಚಿ ನನ್ನನ್ನು ಕೂಡಿಸಿಕೊಂಡೇ ಗರ್ರನೆ ಹಿಂದಕ್ಕೆ ಓಡಿ ಗೋಡೆಗೆ ಬಡಿಯಿತು.

"ಏನಾತ್ರಿ ನೀಲಕ್ಕ?" ಎಂದು ಮೂವರೂ ಎದ್ದು ನಿಂತರು.

"ಏನಿಲ್ರೆ," ಎಂದೆ, ಮತ್ತೆ ಮೇಜಿನ ಕಡೆ ಕುರ್ಚಿ ಓಡಿಸುತ್ತ, "ಕೆಲಸ ಮಾಡಾಕತ್ತೀನಿ."